ಗಡಿಯಲ್ಲಿ ನಿಲ್ಲುವ ಚೀಟಿ

ಹನೂರು ತಾಲ್ಲೂಕಿನ ಗೋಪಿನಾಥಂ ಗ್ರಾಮದ ರೋಗಿಗೆ ಕೊಳ್ಳೇಗಾಲಕ್ಕಿಂತ ತಮಿಳುನಾಡಿನ ಮೆಟ್ಟೂರೇ ಸಮೀಪವೆಂಬುದು ಆ ಸೀಮೆಯ ವಾಚಕರಿಗೆ ತಿಳಿದ ವಿಷಯವೇ ಆಗಿದೆ. 1956ರವರೆಗೆ ಆ ಸೀಮೆಯೂ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. ಗಡಿಯು ಬದಲಾಯಿತು, ರೋಗಿಯ ದಾರಿಯು ಬದಲಾಗಲಿಲ್ಲ.

ಒಂದು ಆಸ್ಪತ್ರೆಯ ಗಣಕಯಂತ್ರವು ಬರೆದಿಟ್ಟುದನ್ನು ಮತ್ತೊಂದರ ಯಂತ್ರವು ಓದಲಾರದಿದ್ದರೆ, ಬಡವನು ಎರಡನೆಯ ಸಲವೂ ರಕ್ತವನ್ನು ಕೊಟ್ಟು ಹಣವನ್ನು ತೆರಬೇಕು. ಕೇಂದ್ರ ಸರಕಾರವು ಆರೋಗ್ಯ ದಾಖಲೆಗಳ ಮಾನದಂಡಗಳನ್ನು 2013ರಲ್ಲಿ ಹೊರಡಿಸಿ 2016ರಲ್ಲಿ ತಿದ್ದಿತು. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನನ್ನು ದೇಶಕ್ಕೆಲ್ಲ ವಿಸ್ತರಿಸಿತು. 14 ಅಂಕಿಗಳ ‘ಆಭಾ’ ಸಂಖ್ಯೆಯೇನೋ ಸಿಕ್ಕುತ್ತದೆ. ಆದರೆ ಬರಿಯ ಸಂಖ್ಯೆಯಿಂದೇನು? ದಾಖಲೆಯು ‘ಫೈರ್’ ಎಂಬ, ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದಾದ ಕ್ರಮದಲ್ಲಿ ಇದ್ದರಷ್ಟೇ ಅದು ಗಡಿಯನ್ನು ದಾಟೀತು. ಮಿಷನ್ನಿಗೆ ಸೇರುವುದಾದರೋ ಖಾಸಗಿ ಆಸ್ಪತ್ರೆಗಳ ಇಚ್ಛೆಗೆ ಬಿಟ್ಟ ಮಾತು!

ಈ ಕ್ರಮವನ್ನು ಪಾಲಿಸದ ತಂತ್ರಾಂಶವನ್ನು ನಮ್ಮ ಸರಕಾರವು ಒಂದು ಕಾಸು ಕೊಟ್ಟೂ ಕೊಳ್ಳಕೂಡದು. ಗುತ್ತಿಗೆ ಮುಗಿದ ದಿನ ದಾಖಲೆಗಳನ್ನೆಲ್ಲ ತೆರೆದ ರೂಪದಲ್ಲಿ ಒಪ್ಪಿಸುವೆನೆಂದು ಕಂಪೆನಿಯು ಮೊದಲೇ ಬರೆದುಕೊಡಲಿ. ರೋಗಿಯ ಸಮ್ಮತಿಯನ್ನು ಕೇಳುವ ಮಾತು ಕನ್ನಡದಲ್ಲಿರಲಿ. ಗೋಪಿನಾಥದಲ್ಲಿ ತಮಿಳನ್ನಾಡುವವರಿಗೆ ತಮಿಳಿನಲ್ಲಿಯೂ ಇರಲಿ.