ಆಟಕ್ಕೊಂದು ಹದ

ಹಾಲು ಕಾಯಿಸುವ ಉರಿಯೇ ಬೇರೆ, ಬೇಳೆ ಬೇಯಿಸುವ ಉರಿಯೇ ಬೇರೆ ಎಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಲೆಯು ಒಂದೇ ಆದರೂ ಮೇಲಿಟ್ಟ ಪದಾರ್ಥವನ್ನು ನೋಡಿ ಉರಿಯನ್ನು ಹೆಚ್ಚು ಕಡಮೆ ಮಾಡುವರು. ಆದರೆ ಅದೇ ಮನೆಯಲ್ಲಿ ಮಕ್ಕಳು ಆಟವಾಡುವ ಕಂಪ್ಯೂಟರಿನ ವಿಷಯದಲ್ಲಿ ಈ ವಿವೇಕವು ಮರೆತುಹೋಗುವುದು. ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಹದವನ್ನು ಗೊತ್ತುಮಾಡಿ, ಎಲ್ಲ ಆಟಗಳನ್ನೂ ಅದರಲ್ಲಿಯೇ ಆಡುವರು. ಯಾವುದಾದರೊಂದು ಆಟವು ತಡವರಿಸಿತೆಂದರೆ, ಕಾರ್ಡು ಹಳೆಯದಾಯಿತು, ಹೊಸದು ಬೇಕೆಂದು ಹಟ ಹಿಡಿಯುವರು. ಒಳ್ಳೆಯ ಕಾರ್ಡೊಂದಕ್ಕೆ ಹತ್ತಾರು ಸಾವಿರ ರೂಪಾಯಿ ತೆರಬೇಕಾದ ಈ ಕಾಲದಲ್ಲಿ, ಇರುವುದನ್ನು ಹದಗೊಳಿಸಿ ನೋಡದೆ ಹೊಸದನ್ನು ತರುವುದು ನೆಗಡಿಗೆ ಮೂಗು ಕೊಯ್ದಂತೆಯೇ ಸರಿ.

ಈ ಕಾರ್ಡು ಮಾಡುವ ಕೆಲಸವಾದರೂ ಏನು? ಪರದೆಯ ಮೇಲಿನ ಚಿತ್ರವನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಬರೆಯುವುದು. ಸಾಮಾನ್ಯವಾದ ಪರದೆಯು ಸೆಕೆಂಡಿಗೆ ೬೦ ಸಲ ಚಿತ್ರವನ್ನು ಬದಲಿಸುವುದು. ಅಂದರೆ ಒಂದು ಚಿತ್ರವನ್ನು ಬರೆಯಲು ಕಾರ್ಡಿಗೆ ದೊರೆಯುವ ಕಾಲವು ಸುಮಾರು ೧೭ ಮಿಲಿಸೆಕೆಂಡು ಮಾತ್ರ. ಪರದೆಯ ಅಳತೆಯು ೧೯೨೦ × ೧೦೮೦ ಆಗಿದ್ದರೆ ಆ ಅವಧಿಯಲ್ಲಿ ೨೦,೭೩,೬೦೦ ಚುಕ್ಕೆಗಳಿಗೆ ಬಣ್ಣವನ್ನು ನಿಶ್ಚಯಿಸಬೇಕು. ೩೮೪೦ × ೨೧೬೦ ಆದರೆ ಚುಕ್ಕೆಗಳು ನಾಲ್ಕರಷ್ಟಾಗುವುವು. ಇದರ ಮೇಲೆ ನೆರಳು, ನೀರಿನ ಪ್ರತಿಬಿಂಬ, ಹೊಗೆ ಮೊದಲಾದುವುಗಳ ಹೊರೆ ಬೇರೆ.

ಇನ್ನು ಆಟಗಳ ಸ್ವಭಾವವನ್ನು ನೋಡಿರಿ. ೨೦೨೩ರಲ್ಲಿ ಹೊರಬಂದ ಕೌಂಟರ್-ಸ್ಟ್ರೈಕ್ ೨ ಎಂಬ ಆಟದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಸೋಲುಗೆಲವು ತೀರುವುದು. ಅಲ್ಲಿ ನೆರಳಿನ ಸೊಗಸಿಗಿಂತ ಚಿತ್ರಗಳ ವೇಗವೇ ಮುಖ್ಯ. ೨೦೧೬ರ ಸಿವಿಲೈಜೇಷನ್ ೬ರಲ್ಲಿಯಾದರೋ, ಆಡುವವನು ಚದುರಂಗದಂತೆ ಯೋಚಿಸಿ ಯೋಚಿಸಿ ನಡೆ ಇಡುವನು. ಸೆಕೆಂಡಿಗೆ ೩೦ ಚಿತ್ರಗಳಿದ್ದರೂ ಅವನಿಗೆ ಕೊರತೆಯಿಲ್ಲ. ಚಿತ್ರವು ಅಂದವಾಗಿದ್ದರೆ ಸಾಕು. ಇವೆರಡಕ್ಕೂ ಒಂದೇ ಹದವನ್ನಿಟ್ಟರೆ ಎರಡೂ ಕೆಡುವುವು.

ಮಿತಿಯಿಲ್ಲದ ವೇಗದಿಂದಲೂ ಕೇಡುಂಟು. ೨೦೧೦ರಲ್ಲಿ ಸ್ಟಾರ್‌ಕ್ರಾಫ್ಟ್ ೨ ಹೊರಬಂದಾಗ, ಆಟ ಮೊದಲಾಗುವುದಕ್ಕೆ ಮುಂಚಿನ ಮೆನು ಪರದೆಯಲ್ಲಿಯೇ ಕಾರ್ಡುಗಳು ವಿಪರೀತವಾಗಿ ಕಾಯುತ್ತಿವೆಯೆಂದು ದೂರುಗಳು ಬಂದವು. ಕೆಲಸವು ಹಗುರ, ವೇಗಕ್ಕೆ ಮಿತಿಯಿಲ್ಲ. ಆದುದರಿಂದ ಕಾರ್ಡು ತನ್ನ ಶಕ್ತಿಯನ್ನೆಲ್ಲ ಸುರಿದು, ಯಾರಿಗೂ ಬೇಡದ ಚಿತ್ರಗಳನ್ನು ಬರೆಯುತ್ತಲೇ ಇದ್ದಿತು. ಆಟದ ಕಡತವೊಂದರಲ್ಲಿ ಎರಡು ಸಾಲು ಸೇರಿಸಿ, ಮೆನುವಿಗೆ ೩೦, ಆಟಕ್ಕೆ ೬೦ ಎಂಬ ಮಿತಿಯನ್ನು ಹಾಕಿಕೊಳ್ಳಬೇಕೆಂದು ಬ್ಲಿಝರ್ಡ್ ಕಂಪೆನಿಯವರು ಸೂಚಿಸಿದರು.

ಆಟಕ್ಕೊಂದು ಹದವನ್ನು ಇಡುವ ಅನುಕೂಲವು ಕಾರ್ಡಿನ ತಂತ್ರಾಂಶದಲ್ಲಿಯೇ ಇರುವುದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ ‘ಮ್ಯಾನೇಜ್ ೩ಡಿ ಸೆಟ್ಟಿಂಗ್ಸ್’ ಪುಟದಲ್ಲಿ ‘ಗ್ಲೋಬಲ್’ ಮತ್ತು ‘ಪ್ರೋಗ್ರಾಮ್’ ಎಂಬ ಎರಡು ಭಾಗಗಳುಂಟು. ಮೊದಲನೆಯದು ಎಲ್ಲ ಆಟಗಳಿಗೂ ತಗಲುವುದು. ಅದನ್ನು ಮುಟ್ಟದಿರುವುದೇ ಲೇಸು. ಎರಡನೆಯದರಲ್ಲಿ ಆಟದ ಹೆಸರನ್ನು ಆರಿಸಿಕೊಂಡು ಅದೊಂದಕ್ಕೇ ಬೇಕಾದುದನ್ನು ಬದಲಿಸತಕ್ಕದ್ದು. ‘ಮ್ಯಾಕ್ಸ್ ಫ್ರೇಮ್ ರೇಟ್’ ಎಂಬಲ್ಲಿ ವೇಗಕ್ಕೆ ಮಿತಿ ಹಾಕಬಹುದು. ಎ.ಎಂ.ಡಿ. ಕಾರ್ಡುಳ್ಳವರು ಅಡ್ರೆನಲಿನ್ ತಂತ್ರಾಂಶದ ‘ಗೇಮಿಂಗ್’ ಪುಟದಲ್ಲಿ ಆಟವನ್ನು ಆರಿಸಿ, ‘ರೇಡಿಯಾನ್ ಚಿಲ್’ ಎಂಬುದರಿಂದ ಇದೇ ಫಲವನ್ನು ಪಡೆಯಬಹುದು.

ಆದರೆ ಮೊದಲು ಆಟದೊಳಗಿನ ಸೆಟ್ಟಿಂಗುಗಳನ್ನೇ ಸರಿಪಡಿಸಬೇಕು; ಅಲ್ಲಿ ಇಲ್ಲದುದಕ್ಕೆ ಮಾತ್ರ ಕಾರ್ಡಿನ ತಂತ್ರಾಂಶಕ್ಕೆ ಹೋಗತಕ್ಕದ್ದು. ಡೈರೆಕ್ಟ್‌ಎಕ್ಸ್ ೯ರ ಕಾಲದ ಹಳೆಯ ಆಟಗಳಲ್ಲಿ ಚಿತ್ರದ ಅಂಚುಗಳನ್ನು ಹೊರಗಿನಿಂದ ನಯಮಾಡಬಹುದು. ಹೊಸ ಆಟಗಳಲ್ಲಿ ಅನೇಕವು ಆ ಆಜ್ಞೆಗೆ ಕಿವಿಗೊಡುವುದಿಲ್ಲ. ವೇಗವು ಸಾಲದಿದ್ದರೆ ನೆರಳನ್ನೂ ಪ್ರತಿಬಿಂಬವನ್ನೂ ಮೊದಲು ತಗ್ಗಿಸಿರಿ. ಗೋಡೆ ನೆಲಗಳ ಮೇಲ್ಮೈಯನ್ನು ತೋರಿಸುವ ‘ಟೆಕ್ಸ್ಚರ್’ ಎಂಬುದನ್ನು, ಕಾರ್ಡಿನ ಮೆಮೊರಿಯಲ್ಲಿ ಹಿಡಿಸುವಷ್ಟು ಕಾಲ, ತಗ್ಗಿಸಿ ಹೆಚ್ಚು ಲಾಭವಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆಟದ ಅದೇ ಸ್ಥಳದಲ್ಲಿ ಪರೀಕ್ಷಿಸಿ, ಹಳೆಯ ಹೊಸ ಬೆಲೆಗಳೆರಡನ್ನೂ ಪುಸ್ತಕದಲ್ಲಿ ಬರೆದಿಡಿರಿ. ಬರೆದಿಟ್ಟವನಿಗೆ ಹಿಂದಿರುಗಲು ದಾರಿಯುಂಟು.

ಕಡೆಯದಾಗಿ ಒಂದು ಪರೀಕ್ಷೆ. ತಡವರಿಸುವ ಆಟದಲ್ಲಿ ಪರದೆಯ ಅಳತೆಯನ್ನು ಒಂದು ಮೆಟ್ಟಲು ಇಳಿಸಿ ನೋಡಿರಿ. ಆಗ ವೇಗವು ಏರಿದರೆ ಹೊರೆಯು ಕಾರ್ಡಿನ ಮೇಲಿತ್ತೆಂದು ತಿಳಿಯಬೇಕು. ಏರದಿದ್ದರೆ, ವೇಗಕ್ಕೆ ಮಿತಿ ಹಾಕಿಲ್ಲವೆಂಬುದನ್ನು ನೋಡಿಕೊಂಡು, ಕುಂದು ಬಹುಮಟ್ಟಿಗೆ ಪ್ರಾಸೆಸರಿನಲ್ಲಿದೆಯೆಂದು ಊಹಿಸಬಹುದು. ಸಿವಿಲೈಜೇಷನ್ನಿನಲ್ಲಿ ಒಂದು ಸುತ್ತು ಮುಗಿಯಲು ಕಾಯಬೇಕಾಗುವುದು ಪ್ರಾಸೆಸರಿನ ಲೆಕ್ಕಾಚಾರದಿಂದ. ಎಷ್ಟು ಬೆಲೆಯ ಕಾರ್ಡನ್ನು ತಂದರೂ ಆ ಕಾಯುವಿಕೆಯು ತಪ್ಪದು.

ಇಷ್ಟೆಲ್ಲವನ್ನೂ ಮಾಡಿದ ಮೇಲೆಯೂ ಕಾರ್ಡೇ ಸೋತಿತೆಂದು ತೋರಿದರೆ, ಮಗನ ಬೇಡಿಕೆಯು ನ್ಯಾಯವಾದುದೆಂದು ತಂದೆಯು ಒಪ್ಪತಕ್ಕದ್ದು. ಹಾಗೆ ತೋರುವವರೆಗೆ, ಬರೆದಿಟ್ಟ ಲೆಕ್ಕದ ಪುಸ್ತಕವನ್ನು ತಂದು ತೋರಿಸೆಂದು ಕೇಳುವ ಹಕ್ಕು ತಂದೆಗೂ ಉಂಟು.