ಹದಿನೇಳನೇ ತಾರೀಖಿನ ಚೌಕ

ಮಕ್ಕಳೇ, ಶಾಲೆಯ ಪ್ರಾಜೆಕ್ಟನ್ನು ಹಿಂದಿನ ದಿನ ರಾತ್ರಿ ಹನ್ನೊಂದು ಗಂಟೆಗೆ ಶುರು ಮಾಡಿದವರು ನಿಮ್ಮಲ್ಲಿ ಎಷ್ಟು ಜನ? ಕೈ ಎತ್ತಬೇಡಿ, ನನಗೆ ಗೊತ್ತು. ಅಜ್ಜ ಅಜ್ಜಿಯರೇ, ಆ ಹೊತ್ತಿನಲ್ಲಿ ಬೆರಳಿಗೆಲ್ಲ ಗೋಂದು ಮೆತ್ತಿಕೊಂಡು ಕೂತವರು ಯಾರು ಎಂಬುದೂ ಗೊತ್ತು. ಹೋದ ವರ್ಷ ನಮ್ಮ ಮನೆಯಲ್ಲಿ ಜ್ವಾಲಾಮುಖಿ ಕಟ್ಟಿದ್ದು ನಾನು, ಬಣ್ಣ ಬಳಿದದ್ದು ನನ್ನ ಮಗ. ಪ್ರಾಜೆಕ್ಟಿನ ಯಜಮಾನಿ, ಏಳನೇ ಕ್ಲಾಸಿನ ನಮ್ಮ ಪುಟ್ಟಿ, ಗೊರಕೆ ಹೊಡೆಯುತ್ತಿದ್ದಳು. ಮಾರನೇ ದಿನ "ಒಳಗೆ ಏನು ಹಾಕಿದ್ದೀಯಮ್ಮ?" ಎಂದು ಟೀಚರ್ ಕೇಳಿದರೆ ಅವಳಿಗೆ ಉತ್ತರವೇ ಬರಲಿಲ್ಲ. ಮನೆಗೆ ಬಂದು ಬ್ಯಾಗನ್ನು ಮೂಲೆಗೆಸೆದವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಈ ಸಲದ ವಿಜ್ಞಾನ ಪ್ರದರ್ಶನ ಡಿಸೆಂಬರ್ 2ಕ್ಕೆ ಗೊತ್ತಾಯಿತು. ನವೆಂಬರ್ 4ರ ಸಂಜೆ ನಾನು ನೆನಪಿಸಿದೆ.

"ಇನ್ನೂ ಒಂದು ತಿಂಗಳಿದೆ ತಾತ. ಭಾನುವಾರ ಶುರು ಮಾಡಿದರಾಯ್ತು" ಎಂದಳು.

ವಿಷಯವನ್ನು ಅವಳೇ ಆರಿಸಿಕೊಂಡಿದ್ದಳು. ಮೂರು ಕುಂಡಗಳಲ್ಲಿ ಹೆಸರುಕಾಳು ಬಿತ್ತುವುದು. ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ಅಕ್ಕಿ ತೊಳೆದ ನೀರು, ಇನ್ನೊಂದಕ್ಕೆ ಸೋಪಿನ ನೀರು. ದಿನವೂ ಎತ್ತರ ಅಳೆಯುವುದು, 21 ದಿನ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವಮಾನ ಕಳೆದವನು ನಾನು. ಯಾವ ಠೇವಣಿ ಯಾವತ್ತು ಮುಗಿಯುತ್ತದೆ ಎಂದು ಡ್ಯೂ ಡೇಟ್ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದ ಕೈ ಸುಮ್ಮನಿರುತ್ತದೆಯೇ? ಗೆರೆ ಪುಸ್ತಕ ತಂದೆ. ಪುಟ್ಟಿ ಅಪ್ಪನ ಲ್ಯಾಪ್‌ಟಾಪ್ ತಂದಳು. "ಪುಸ್ತಕ ಬೇಡ ತಾತ, ಗೂಗಲ್ ಶೀಟ್ಸ್‌ನಲ್ಲಿ ಗ್ಯಾಂಟ್ ಚಾರ್ಟ್ ಮಾಡೋಣ."

ಗ್ಯಾಂಟ್ ಎಂದರೆ ಹೆನ್ರಿ ಗ್ಯಾಂಟ್, 1861ರಲ್ಲಿ ಹುಟ್ಟಿದ ಅಮೆರಿಕದ ಎಂಜಿನಿಯರ್. ಯಾವ ಕೆಲಸ ಎಂದು ಶುರು, ಎಂದು ಮುಗಿಯಬೇಕು ಎಂಬುದನ್ನು ಉದ್ದುದ್ದ ಪಟ್ಟಿಗಳಾಗಿ ಬರೆದು ತೋರಿಸಿದವನು. ಅವನಿಗಿಂತ ಮುಂಚೆ, 1896ರಲ್ಲೇ, ಪೋಲೆಂಡಿನ ಕರೋಲ್ ಅದಾಮ್ಯೆಟ್ಸ್ಕಿ ಎಂಬ ಎಂಜಿನಿಯರ್ ಇಂಥದ್ದೇ ಒಂದನ್ನು ಮಾಡಿದ್ದ. ಹೆಸರು ಮಾತ್ರ ಗ್ಯಾಂಟ್‌ಗೇ ಉಳಿಯಿತು.

ನಾವು ಮಾಡಿದ ಬಗೆ ಹೀಗೆ. ಎ ಕಾಲಂನಲ್ಲಿ ಕೆಲಸದ ಹೆಸರು, ಬಿ ಕಾಲಂನಲ್ಲಿ ಶುರುವಾಗುವ ದಿನ, ಸಿ ಕಾಲಂನಲ್ಲಿ ಎಷ್ಟು ದಿನ, ಡಿ ಕಾಲಂನಲ್ಲಿ ಮುಗಿಯುವ ದಿನ. ಡಿ ಕಾಲಂ ನಾವು ಬರೆಯುವಂತಿಲ್ಲ, ಹಾಳೆಯೇ ಲೆಕ್ಕ ಹಾಕಬೇಕು. ಶುರುವಿನ ದಿನಕ್ಕೆ ದಿನಗಳನ್ನು ಕೂಡಿಸಿ ಒಂದು ಕಳೆಯಬೇಕು. ಆ ಒಂದನ್ನು ಏಕೆ ಕಳೆಯಬೇಕು ಎಂದು ಪುಟ್ಟಿಗೆ ತಿಳಿಯಲಿಲ್ಲ. ಇದು ನನ್ನ ಸೀಮೆ! ಸೋಮವಾರ ಇಟ್ಟ ದುಡ್ಡನ್ನು ಬುಧವಾರ ತೆಗೆದರೆ ಬ್ಯಾಂಕು ಎರಡೇ ದಿನದ ಬಡ್ಡಿ ಕೊಡುತ್ತದೆ. ಆದರೆ ಸೋಮವಾರದಿಂದ ಬುಧವಾರದವರೆಗೆ ಗಿಡಕ್ಕೆ ನೀರು ಹಾಕಿದರೆ ಅದು ಮೂರು ದಿನದ ಕೆಲಸ. ಸೋಮವಾರಕ್ಕೆ ಮೂರು ಕೂಡಿಸಿದರೆ ಗುರುವಾರವಾಗುತ್ತದೆ, ಅದಕ್ಕೇ ಒಂದು ಕಳೆಯುವುದು.

ಮೊದಲ ಪೆಟ್ಟು ಬಿದ್ದದ್ದು ಇಲ್ಲೇ. ಬಿತ್ತನೆಗೆ 05/11 ಎಂದು ಹಾಕಿದೆವು. ಅಳತೆಗೆ 06/11, 21 ದಿನ. ಮುಗಿಯುವ ದಿನ 7/1 ಎಂದು ಬಂತು. ಜನವರಿ 7! ಪ್ರದರ್ಶನ ಮುಗಿದು ತಿಂಗಳಾಗಿರುತ್ತದೆ. ಮುಂದಿನ ಕೆಲಸಕ್ಕೆ 27/11 ಎಂದು ಹಾಕಿದರೆ ತಪ್ಪು ಎಂದು ಕೆಂಪಗೆ ಕೂಗಿತು. ನಾನು ಕನ್ನಡಕ ಸರಿ ಮಾಡಿಕೊಂಡು ನೋಡಿದೆ. 05/11, 06/11 ಚೌಕದ ಬಲಗಡೆಗೆ ಅಂಟಿದ್ದವು, 27/11 ಎಡಗಡೆಗೆ. ಆಗ ಪುಟ್ಟಿಗೆ ಹೊಳೆಯಿತು. ಅವಳಪ್ಪ ಆ ಖಾತೆ ತೆರೆದದ್ದು ಅಮೆರಿಕದಲ್ಲಿದ್ದಾಗ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 06/11 ಅಂದರೆ ಹಾಳೆಗೆ ಜೂನ್ 11, 7/1 ಅಂದರೆ ಜುಲೈ 1. ಇಪ್ಪತ್ತೇಳನೇ ತಿಂಗಳು ಎಲ್ಲೂ ಇಲ್ಲವಾದ್ದರಿಂದ 27/11 ಅದಕ್ಕೆ ತಾರೀಖೇ ಅಲ್ಲ, ಬರೀ ಬರಹ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಎಂಬ ಕಡೆ ಇಂಡಿಯಾ ಎಂದು ಆರಿಸಿ, ತಾರೀಖುಗಳನ್ನು ಮತ್ತೆ ಬರೆದ ಮೇಲೆ ಎಲ್ಲ ಸರಿಯಾಯಿತು. ಅಜ್ಜಂದಿರೇ, ತಾರೀಖು ಎಡಗಡೆಗೆ ಅಂಟಿಕೊಂಡರೆ ಅನುಮಾನಪಡಿ.

ಒಂದು ತಮಾಷೆ. ಹಾಳೆಯ ಒಳಗೆ ತಾರೀಖೆಂದರೆ ಒಂದು ಸಂಖ್ಯೆ, ಅಷ್ಟೆ. 1899ರ ಡಿಸೆಂಬರ್ 30ನ್ನು ಸೊನ್ನೆ ಎಂದು ಇಟ್ಟುಕೊಂಡು ಅಲ್ಲಿಂದ ದಿನ ಎಣಿಸುತ್ತದೆ. 1947ರ ಆಗಸ್ಟ್ 15 ಅದಕ್ಕೆ 17394, 1950ರ ಜನವರಿ 26 ಅದಕ್ಕೆ 18289. ಒಂದರಿಂದ ಇನ್ನೊಂದನ್ನು ಕಳೆಯಿರಿ, ಸ್ವಾತಂತ್ರ್ಯ ಬಂದ ಎಷ್ಟು ದಿನಕ್ಕೆ ಗಣರಾಜ್ಯವಾದೆವು ಎಂದು ಸಿಗುತ್ತದೆ. ನಿಮ್ಮ ಹುಟ್ಟಿದ ದಿನ ಹಾಕಿ, ಫಾರ್ಮ್ಯಾಟ್ ಮೆನುವಿನಲ್ಲಿ ನಂಬರ್ ಎಂದು ಬದಲಿಸಿ ನೋಡಿ.

ಇನ್ನು ಬಣ್ಣ. ಮೊದಲ ಸಾಲಿನಲ್ಲಿ, ಇ ಕಾಲಂನಿಂದ ಶುರು ಮಾಡಿ, ನವೆಂಬರ್ 5ರಿಂದ ಡಿಸೆಂಬರ್ 2ರವರೆಗೆ 28 ತಾರೀಖು ಬರೆದೆವು. ಕೆಳಗಿನ ಚೌಕಗಳನ್ನೆಲ್ಲ ಆರಿಸಿ, ಫಾರ್ಮ್ಯಾಟ್ ಮೆನುವಿನ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಕಸ್ಟಮ್ ಫಾರ್ಮುಲಾ ಎಂಬಲ್ಲಿ ಹೀಗೆ ಹಾಕಬೇಕು, ಅಕ್ಷರಗಳು ಮಾತ್ರ ಇಂಗ್ಲಿಷಿನವು: =ಆ್ಯಂಡ್(ಇ$1>=$ಬಿ2, ಇ$1<=$ಡಿ2). ಮೇಲಿನ ತಾರೀಖು ಆ ಕೆಲಸದ ಶುರು ಮತ್ತು ಕೊನೆಯ ನಡುವೆ ಬಿದ್ದರೆ ಚೌಕಕ್ಕೆ ಬಣ್ಣ ಬಳಿ ಎಂದು ಅರ್ಥ. "ಡಾಲರ್ ಯಾಕೆ, ನಾವೇನು ಫಾರಿನ್ ಎಕ್ಸ್‌ಚೇಂಜ್ ಮಾಡ್ತಿದೀವಾ?" ಎಂದೆ. ಅದು ಮೊಳೆಯಂತೆ. 1ರ ಹಿಂದೆ ಹೊಡೆದರೆ ಸಾಲು ಜಾರುವುದಿಲ್ಲ, ಬಿ ಹಿಂದೆ ಹೊಡೆದರೆ ಕಾಲಂ ಜಾರುವುದಿಲ್ಲ. ಮೊಳೆ ಮರೆತರೆ ಬಣ್ಣ ಎಲ್ಲೆಲ್ಲೋ ಚೆಲ್ಲುತ್ತದೆ, ನಾವು ಚೆಲ್ಲಿ ನೋಡಿದೆವು. ಸ್ಟ್ಯಾಕ್ಡ್ ಬಾರ್ ಚಾರ್ಟ್ ಹಾಕಿ ಮೊದಲ ತುಂಡನ್ನು ಬಣ್ಣವಿಲ್ಲದೆ ಬಿಡುವ ಇನ್ನೊಂದು ದಾರಿಯೂ ಇದೆ. ಆದರೆ ಚೌಕಗಳಾದರೆ ಒಳಗೆ ಗಿಡದ ಎತ್ತರವನ್ನೂ ಬರೆಯಬಹುದು. ನಮಗೆ ಇದೇ ಇಷ್ಟವಾಯಿತು.

ಕೊನೆಗೆ ಪುಟ್ಟಿ ಒಂದು ಜಾಣತನ ಮಾಡಿದಳು. ಬಿತ್ತನೆಯ ತಾರೀಖು ಒಂದನ್ನು ಮಾತ್ರ ಕೈಯಲ್ಲಿ ಬರೆದು, ಉಳಿದ ಕೆಲಸಗಳಿಗೆ "ಹಿಂದಿನದು ಮುಗಿದ ಮಾರನೇ ದಿನ" ಎಂದು ಲೆಕ್ಕ ಕೊಟ್ಟಳು. ಈಗ ಒಂದನ್ನು ಎಳೆದರೆ ಎಲ್ಲವೂ ಬರುತ್ತವೆ. "ಭಾನುವಾರ ಶುರು ಮಾಡಿದರಾಯ್ತು ಅಂದ್ಯಲ್ಲ, ಹಾಕು ನೋಡೋಣ" ಎಂದೆ. 5ರ ಬದಲು 9 ಎಂದು ಹಾಕಿದಳು. ಬಣ್ಣದ ಪಟ್ಟಿಗಳೆಲ್ಲ ಬಲಕ್ಕೆ ಸರಿದವು. ಅಳತೆ ಮುಗಿಯುವುದು ನವೆಂಬರ್ 30. ಚಾರ್ಟ್ ಬರೆಯುವುದು ಪ್ರದರ್ಶನದ ಮಾರನೇ ದಿನ ಮುಗಿಯುತ್ತದೆ. ಮಾತಿನ ಅಭ್ಯಾಸ ಹಾಳೆಯಿಂದಲೇ ಆಚೆ ಬಿತ್ತು. ಪುಟ್ಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಚಾರ್ಟನ್ನು ಮೂರು ದಿನದ ಬದಲು ಒಂದೇ ದಿನದಲ್ಲಿ ಬರೆಯಬಹುದು. ಹೆಸರುಕಾಳಿಗೆ ಓವರ್‌ಟೈಮ್ ಕೊಟ್ಟರೂ ಬೇಗ ಬೆಳೆಯುವುದಿಲ್ಲ. ಎದ್ದು ಅಡಿಗೆಮನೆಗೆ ಹೋಗಿ ಒಂದು ಹಿಡಿ ಕಾಳು ನೆನೆಹಾಕಿ ಬಂದಳು. 9 ಅಳಿಸಿ ಮತ್ತೆ 5 ಎಂದು ಬರೆದಳು.

ಇನ್ನೊಂದು ಪಟ್ಟಿ ಉಳಿದಿತ್ತು. 15ರಿಂದ 18ರವರೆಗೆ ಅವಳ ಸೋದರಮಾವನ ಮದುವೆ. ಆ ಪಟ್ಟಿ ಕುಂಡಗಳ ಪಟ್ಟಿಯ ಕೆಳಗೇ ಬಂದು ಕೂತಿತು. ಆ ನಾಲ್ಕು ದಿನ ಅಳೆಯುವವರು ಯಾರು? ಅಜ್ಜಿಗೆ ಮಂಡಿನೋವು, ಪ್ರಯಾಣ ಆಗದು, ಅವಳ ಜೊತೆಗೆ ನಾನೂ ಮನೆಯಲ್ಲೇ. ಪುಟ್ಟಿ ಹಾಳೆಯನ್ನು ನನ್ನ ಫೋನಿಗೂ ಹಂಚಿ, ಸ್ಕೇಲನ್ನು ಮಣ್ಣಿಗೆ ಹೇಗೆ ತಾಗಿಸಿ ಹಿಡಿಯಬೇಕೆಂದು ಮೂರು ಸಲ ತೋರಿಸಿ ಹೋದಳು.

15, 16 ಚೆನ್ನಾಗಿ ನಡೆಯಿತು. 17ನೇ ತಾರೀಖು ಪಿಂಚಣಿಯ ಲೈಫ್ ಸರ್ಟಿಫಿಕೇಟ್ ಕೊಡಲು ಹೋದೆ. ನವೆಂಬರ್ ಅಂದರೆ ನಾವು ಮುದುಕರು ಬದುಕಿದ್ದೇವೆ ಎಂದು ಸಹಿ ಹಾಕಿ ಬರುವ ತಿಂಗಳು. ಸರತಿ ಉದ್ದವಿತ್ತು. ಹಳೆಯ ಸ್ನೇಹಿತರು ಸಿಕ್ಕರು, ಕಾಫಿಯಾಯಿತು. ಮನೆಗೆ ಬಂದು ಉಂಡು ಮಲಗಿದವನಿಗೆ ಕುಂಡದ ನೆನಪೇ ಇಲ್ಲ. 18ರ ಬೆಳಿಗ್ಗೆ ಅಳೆಯಲು ಹೋದಾಗ ಎದೆ ಧಸಕ್ಕೆಂದಿತು. ನಲ್ಲಿ ನೀರಿನ ಗಿಡ 16ಕ್ಕೆ 11.5 ಸೆಂಟಿಮೀಟರ್, ಈಗ 12.7. ನಡುವಿನ ಚೌಕ ಖಾಲಿ. ನಡುವಿನ ಸಂಖ್ಯೆ 12.1 ಎಂದು ಯಾರಾದರೂ ಹೇಳುತ್ತಾರೆ. ನಾನು ಬರೆದೆ. ಉಳಿದೆರಡು ಕುಂಡಕ್ಕೂ ಹಾಗೇ ಬರೆದೆ. ವೋಚರ್ ಇಲ್ಲದೆ ಒಂದು ಪೈಸೆಯನ್ನೂ ಲೆಡ್ಜರಿಗೆ ಏರಿಸದ ಕೈ ಅದು.

ಆ ರಾತ್ರಿ ಪುಟ್ಟಿ ಬಂದು ಹಾಳೆ ತೆರೆದು, "ಒಂದು ಚೌಕವೂ ಖಾಲಿ ಇಲ್ಲ! ಥ್ಯಾಂಕ್ಸ್ ತಾತ" ಎಂದಳು. ನಾನು ಹ್ಞೂಂ ಎಂದೆ. 19 ಕಳೆಯಿತು. ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. 20ರ ಬೆಳಿಗ್ಗೆ ಅವಳು ಶೂ ಕಟ್ಟಿಕೊಳ್ಳುತ್ತಿದ್ದಾಗ ಹೇಳಿಬಿಟ್ಟೆ. ಬೈಯಲಿಲ್ಲ. ಸಂಜೆ ಬಂದು ಆ ಮೂರು ಚೌಕಗಳನ್ನು ಖಾಲಿ ಮಾಡಿ, ಬೂದು ಬಣ್ಣ ಬರುವಂತೆ ಇನ್ನೊಂದು ನಿಯಮ ಹಾಕಿದಳು.

ಪ್ರದರ್ಶನದ ದಿನ ತೀರ್ಪುಗಾರರೊಬ್ಬರ ಬೆರಳು ನೇರವಾಗಿ ಅಲ್ಲಿಗೇ ಹೋಯಿತು. "ಇದೇನು, ಇಲ್ಲಿ ಅಳತೆ ಇಲ್ಲ?"

"ಆ ದಿನ ನಮ್ಮ ತಾತ ಮರೆತುಬಿಟ್ಟರು ಸರ್. ಅಳೆಯದೆ ಇದ್ದದ್ದನ್ನು ಬರೆದಿಲ್ಲ" ಎಂದಳು. ಸುತ್ತ ನಿಂತಿದ್ದವರು ನಕ್ಕರು. ನಾನು ಹಿಂದಿನ ಸಾಲಿನಲ್ಲಿದ್ದೆ. ಸೋಪಿನ ನೀರಿನ ಕುಂಡ ಏಕೆ ಹಿಂದೆ ಬಿತ್ತು ಎಂದೂ ಅವರು ಕೇಳಿದರು. ಅದಕ್ಕೂ ಉತ್ತರ ಹೇಳಿದಳು, ನನ್ನ ಕಡೆ ತಿರುಗಿ ನೋಡದೆ.

ಮನೆಗೆ ಬಂದ ಮೇಲೆ ಪುಟ್ಟಿ ಲ್ಯಾಪ್‌ಟಾಪ್ ತೆರೆದು, ಮೌಸಿನ ಬಲಗುಂಡಿಯಿಂದ ಆ ಬೂದು ಚೌಕವನ್ನು ಒತ್ತಿ, ಶೋ ಎಡಿಟ್ ಹಿಸ್ಟರಿ ಎಂಬುದನ್ನು ತೆರೆದಳು. ನನ್ನ ಹೆಸರು, ನವೆಂಬರ್ 18, ಬೆಳಿಗ್ಗೆ 7.40, 12.1. ಅಳಿಸಿದ್ದು ಎಲ್ಲಿಗೂ ಹೋಗಿರಲಿಲ್ಲ.

"19ಕ್ಕೇ ನೋಡಿದ್ದೆ ತಾತ" ಎಂದಳು. "ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."