ಮುಂಗಾರು ಪೂರ್ವದ ಮಳೆಗೂ ತಾಲೀಮು ಬೇಕು

2025ರ ಮೇ 7ರಂದು ಬೆಂಗಳೂರಿನಲ್ಲಿ ಸೈರನ್ ಮೊಳಗಿಸಿ, ವೈಮಾನಿಕ ದಾಳಿಯಾದರೆ ಜನರು ಏನು ಮಾಡಬೇಕೆಂಬುದರ ತಾಲೀಮು ನಡೆಸಲಾಯಿತು. ಅದಾದ ಹನ್ನೆರಡನೆಯ ದಿನ ಬಿ.ಟಿ.ಎಂ. ಬಡಾವಣೆಯ ಎರಡನೇ ಹಂತದಲ್ಲಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ತೀರಿಕೊಂಡರು. ವಸತಿ ಕಟ್ಟಡದ ನೆಲಮಾಳಿಗೆಗೆ ನುಗ್ಗಿದ್ದ ಮಳೆನೀರನ್ನು ಮೋಟಾರಿನಿಂದ ಹೊರಹಾಕಲು ಹೋದಾಗ ವಿದ್ಯುತ್ ತಗುಲಿತು. ವರ್ಷವರ್ಷವೂ ತಪ್ಪದೆ ಬರುವ ಗಾಳಿಮಳೆಗೆ ತಾಲೀಮು ನಡೆಸುವ ರೂಢಿ ನಮ್ಮ ಬಡಾವಣೆಗಳಲ್ಲೂ ಇಲ್ಲ, ಹಳ್ಳಿಗಳಲ್ಲೂ ಇಲ್ಲ.

ಪಟ್ಟಣದ ಸುದ್ದಿ ರೈತರಿಗೇಕೆ ಎನ್ನಬಹುದು. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು. ಹೆಸರಿನಲ್ಲೇ ಕೆರೆಯಿದೆ, ನೀರು ತನ್ನ ಹಳೆಯ ಜಾಡನ್ನು ಮರೆತಿಲ್ಲ. ಅದಕ್ಕಿಂತ ಮುಖ್ಯವಾಗಿ, ಒದ್ದೆ ನೆಲದಲ್ಲಿ ನಿಂತು ಮೋಟಾರು ಮುಟ್ಟುವ ಚಾಳಿ ಬನಶಂಕರಿಯಿಂದ ಕನಕಪುರದವರೆಗೆ ಒಂದೇ. ನೆಲಮಾಳಿಗೆಯ ಪಂಪಿನಷ್ಟೇ ಅಪಾಯ ತೋಟದ ಸ್ಟಾರ್ಟರ್ ಪೆಟ್ಟಿಗೆಯಲ್ಲೂ ಇದೆ.

ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಸ್ವಭಾವವೇ ಬೇರೆ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೇರುತ್ತದೆ. ಸಮುದ್ರದ ಕಡೆಯಿಂದ ಬಂದ ತೇವ ಅದರೊಡನೆ ಸೇರಿ, ಮಧ್ಯಾಹ್ನದ ನಂತರ ಗುಡುಗಿನ ಮೋಡಗಳು ಬೆಳೆಯುತ್ತವೆ. ಮಳೆಯೊಡನೆ ತಣ್ಣನೆಯ ಗಾಳಿ ನೆಲಕ್ಕಪ್ಪಳಿಸಿ ಸುತ್ತಲೂ ಹರಡುತ್ತದೆ. ಬಾಳೆ ಸಾಲುಗಟ್ಟಿ ಒಂದೇ ದಿಕ್ಕಿಗೆ ಮಲಗುವುದು ಇದರಿಂದಲೇ. ಇದನ್ನು ಸುಂಟರಗಾಳಿ ಎನ್ನುವವರುಂಟು. ನಿಜವಾದ ಸುಂಟರಗಾಳಿ ನಮ್ಮಲ್ಲಿ ಅಪರೂಪ. ಅದರ ಕಾಟ ಹೆಚ್ಚಿರುವ ಅಮೆರಿಕದ ಮಧ್ಯಭಾಗದ ರಾಜ್ಯಗಳಲ್ಲಿ ವಸಂತ ಕಾಲದಲ್ಲಿ ಶಾಲಾಮಕ್ಕಳಿಗೂ ತಾಲೀಮು ಮಾಡಿಸುತ್ತಾರೆ. ಆ ಪದ್ಧತಿ ನಮಗೆ ಬೇಕು, ಪಾಠ ಮಾತ್ರ ಬೇರೆ. ನಮ್ಮ ಆಪತ್ತುಗಳೆಂದರೆ ಸಿಡಿಲು, ಉರುಳುವ ಮರ, ನೀರಿಗಿಳಿದ ವಿದ್ಯುತ್.

ಯುಗಾದಿ ಕಳೆದೊಡನೆ ಅರ್ಧ ದಿನ ಇದಕ್ಕೆ ಮೀಸಲಿಟ್ಟರೆ ಸಾಕು. ಮನೆಯ ಮೇನ್ ಸ್ವಿಚ್ ಎಲ್ಲಿದೆಯೆಂದು ಹೆಂಗಸರು, ಮಕ್ಕಳು, ಕೆಲಸದವರಾದಿಯಾಗಿ ಎಲ್ಲರೂ ತೋರಿಸಬಲ್ಲವರಾಗಿರಬೇಕು. ನೀರು ಬರುವ ಮುನ್ನವೇ ಅದನ್ನು ಆರಿಸತಕ್ಕದ್ದು. ಸ್ವಿಚ್ಚಿನ ಬಳಿ ಆಗಲೇ ನೀರು ನಿಂತಿದ್ದರೆ ಹತ್ತಿರ ಹೋಗದೆ ವಿದ್ಯುತ್ ಕಂಪನಿಯವರಿಗೆ ತಿಳಿಸಬೇಕು. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದು ಅರ್ಥ. ಕೆಲಸ ಬಿಟ್ಟು ಪಕ್ಕಾ ಕಟ್ಟಡ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬಾರದು.

ಸಿಡಿಲಿನ ಮುನ್ಸೂಚನೆಗೆ ಈಗ 'ದಾಮಿನಿ' ಆ್ಯಪ್ ಇದೆ. ಆದರೆ ಫೋನು ಮನೆಯಲ್ಲಿ, ಯಜಮಾನರು ಹೊಲದಲ್ಲಿ ಎಂಬಂತಾದರೆ ಸೂಚನೆ ಬಂದೇನು ಫಲ? ಆದುದರಿಂದ ದೇವಸ್ಥಾನದ ಗಂಟೆಯೋ ಪಂಚಾಯಿತಿಯ ಮೈಕೋ, ಯಾವುದಾದರೊಂದು ಗುರುತನ್ನು ಊರವರೇ ಗೊತ್ತುಮಾಡಿಕೊಳ್ಳಬೇಕು. ಗುರುತು ಕೇಳಿದ ಮೇಲೆ ಕಟ್ಟಕಡೆಯ ಹೊಲದಲ್ಲಿರುವವರು ಮನೆ ಸೇರಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ಹಿಡಿದು ನೋಡುವುದೇ ತಾಲೀಮಿನ ಮುಖ್ಯ ಕೆಲಸ. ಹೆಚ್ಚು ಹೊತ್ತು ಹಿಡಿಯುವವರಿಗೆ ಹತ್ತಿರದ ಯಾವ ಮನೆಯ ಬಾಗಿಲು ತೆರೆದಿರುತ್ತದೆಂದು ಅಂದೇ ಮಾತಾಡಿಕೊಳ್ಳಬೇಕು. ತಗಡಿನ ಪಂಪ್ ಶೆಡ್ಡಾಗಲಿ ಒಂಟಿ ಹುಣಸೆ ಮರವಾಗಲಿ ಆ ಲೆಕ್ಕಕ್ಕೆ ಬಾರದು.